ಸೊಪ್ಪಿಗೂ ಡೋಸ್ ಬರೆದ ಜಯಮ್ಮ

ಮೆಡಿಕಲ್ ಜಯಮ್ಮನವರ ಕೈಯಲ್ಲಿ ಯಾವಾಗಲೂ ಎರಡು ವಾಸನೆ ಒಟ್ಟಿಗೇ ಇರುತ್ತಿದ್ದವು. ಒಂದು ಟಿಂಚರಿನದು, ಇನ್ನೊಂದು ಸಬ್ಬಸಿಗೆ ಸೊಪ್ಪಿನದು. ಆಗ ನನ್ನ ಎರಡೂ ಕಣ್ಣಿಗೆ ಪೊರೆ ಬಂದಿತ್ತು. ಎದುರಿಗೆ ನಿಂತ ಮನುಷ್ಯರು ತಂತಿಯ ಮೇಲೆ ಒಣಹಾಕಿದ ಬಟ್ಟೆಗಳ ಹಾಗೆ ಕಾಣುತ್ತಿದ್ದರು. ಲಷ್ಕರ್ ಮೊಹಲ್ಲಾದ ನಮ್ಮ ಬೀದಿಯ ತುದಿಯಲ್ಲಿ, ನನ್ನ ಕಣ್ಣು ಮಂಜಾದ ಮೇಲೆ ತೆರೆದಿದ್ದ ಆ ಔಷಧಿ ಅಂಗಡಿಯ ಮೆಟ್ಟಿಲು ಹತ್ತಿದರೆ, ಜಯಮ್ಮ ಒಳಗಿದ್ದಾರೋ ಇಲ್ಲವೋ ಅಂತ ಮೊದಲು ಹೇಳುತ್ತಿದ್ದದ್ದು ನನ್ನ ಮೂಗು.

ಇದನ್ನೆಲ್ಲ ತಾನೇ ಬರೆದುಕೊಡುತ್ತೇನೆ ಅಂತ ಮಗಳು ಮಂಗಳಾ ಹೇಳಿದಳು. ಬೇಡ ಕಣೇ ಅಂದೆ. ಓದಿದ್ದು ನಾಲ್ಕನೇ ಕ್ಲಾಸು, ಅಕ್ಷರ ಸೊಟ್ಟಗಾದರೆ ಆಗಲಿ. ನನಗೀಗ ಕಣ್ಣಿದೆ, ನಾನೇ ಬರೆಯುತ್ತೇನೆ. ಮೊಮ್ಮಗಳು ಅಂಬೆಗಾಲಿಟ್ಟುಕೊಂಡು ಬಂದು ಪೆನ್ನು ಎಳೆಯುತ್ತಿದ್ದಾಳೆ. ಎಳೆಯಲಿ. ಅವಳು ಎಳೆಯುವುದು ನನಗೆ ಕಾಣುತ್ತಿದೆಯಲ್ಲ, ಅದಕ್ಕಿಂತ ಇನ್ನೇನು ಬೇಕು!

ಮಂಗಳಾ ಐದು ತಿಂಗಳ ಬಸುರಿಯಾಗಿದ್ದಾಗ ಕಣ್ಣಿನ ಡಾಕ್ಟರು, ಶುಗರ್ ಇಳಿಯದೆ ಪೊರೆ ತೆಗೆಯುವುದಿಲ್ಲ ಅಂದುಬಿಟ್ಟರು. ನಾನು ಮಾತ್ರೆ ನುಂಗುತ್ತಲೇ ಇದ್ದೆ, ಶುಗರ್ ಏರುತ್ತಲೇ ಇತ್ತು. ಹುಟ್ಟುವ ಮಗುವಿನ ಮುಖ ನೋಡಬೇಕು ಅನ್ನುವುದೊಂದೇ ನನಗಿದ್ದ ಆಸೆ. ನಮ್ಮ ಬೀಗಿತ್ತಿ ಬಂದವರು, "ಈ ವಯಸ್ಸಲ್ಲಿ ಆಪ್ರೇಷನ್ ಯಾಕೆ ಬುಡಿ ಸಾಕಮ್ಮ, ಮಗೂನ ಮುಟ್ಟಿ ನೋಡಿದ್ರೆ ಸಾಲ್ದಾ?" ಅಂದರು.

"ಸಾಲ್ದು," ಅಂದೆ. "ನೀವು ಬೇಕಾದ್ರೆ ಕಣ್ಮುಚ್ಕೊಂಡು ಮುಟ್ಕೊಳಿ. ನಾನು ನೋಡೇ ನೋಡ್ತೀನಿ."

ನಮ್ಮ ಬೀದಿಯ ಡಾಕ್ಟರೂ ಜಯಮ್ಮನೂ ಸೇರಿ ಆಗ ಒಂದು ಏರ್ಪಾಡು ಮಾಡಿದ್ದರು. ಶುಗರ್, ಬಿಪಿ ಇದ್ದವರ ಚೀಟಿಯಲ್ಲಿ ಡಾಕ್ಟರು ಮಾತ್ರೆಯ ಹೆಸರಿನ ಕೆಳಗೇ ಸೊಪ್ಪು, ಕಾಳು, ರಾಗಿ ಅಂತಲೂ ಬರೆಯುವರು. ಆ ಚೀಟಿ ತೋರಿಸಿದರೆ ಜಯಮ್ಮ ಪ್ರತಿ ಸೋಮವಾರ ಮಾತ್ರೆಯ ಜೊತೆಗೆ ಅವನ್ನೂ ಕೊಡುವರು. ಯಾವುದೋ ಟ್ರಸ್ಟಿನವರು ಖರ್ಚು ನೋಡಿಕೊಳ್ಳುತ್ತಿದ್ದರು.

ಕೊಡುವುದು ಎಂದರೆ ಸುಮ್ಮನೆ ಕೊಡುವುದಲ್ಲ. ಮಾತ್ರೆ ಹಾಕುವ ಪುಟ್ಟ ಕಾಗದದ ಕವರಿನ ಮೇಲೆ ಪೆನ್ನಿನಲ್ಲಿ ಬರೆದು, ಅದನ್ನು ಸೊಪ್ಪಿನ ಕಟ್ಟಿಗೆ ದಾರ ಹಾಕಿ ಕಟ್ಟುತ್ತಿದ್ದರು. ಬರೆಯುವಾಗ ಬಾಯಲ್ಲೂ ಹೇಳುವರು. "ನುಗ್ಗೆಸೊಪ್ಪು, ಮಧ್ಯಾಹ್ನಕ್ಕೆ ಎರಡು ಹಿಡಿ. ಹೊನಗೊನ್ನೆ, ರಾತ್ರಿಗೆ ಎರಡು ಹಿಡಿ. ಅನ್ನ ಒಂದೇ ಸೌಟು. ಡೋಸ್ ತಪ್ಪಂಗಿಲ್ಲ ಸಾಕಮ್ಮೋರೆ." ಯಾರಾದರೂ ನಕ್ಕರೆ ಅವರ ದನಿ ಗಡುಸಾಗುತ್ತಿತ್ತು. "ಬಿಳೀ ಮಾತ್ರೆ ಅಂದ್ರೆ ಭಯ ಭಕ್ತಿ, ಹಸ್ರು ಸೊಪ್ಪು ಅಂದ್ರೆ ತಮಾಷೇನಾ? ಎರಡೂ ಚೀಟೀಲೇ ಇರೋದು ಕಣ್ರೀ."

ಇನ್ನೊಂದು ಕಾನೂನಿತ್ತು. ಮಾತ್ರೆಯ ಖಾಲಿ ಸ್ಟ್ರಿಪ್ಪನ್ನು ಹೇಗೆ ತಂದು ತೋರಿಸಬೇಕೋ ಹಾಗೆಯೇ, ಎಲೆ ಬಿಡಿಸಿದ ಮೇಲೆ ಉಳಿದ ಕಡ್ಡಿಗಳನ್ನು ಮುಂದಿನ ಸೋಮವಾರ ಕಟ್ಟಿ ತರಬೇಕು. ಕಡ್ಡಿ ತೋರಿಸದಿದ್ದರೆ ಹೊಸ ಸೊಪ್ಪಿಲ್ಲ.

ನಾನು ಹುಟ್ಟಿದಾಗಿನಿಂದ ಬಿಸಿ ಅನ್ನ, ಆಲೂಗಡ್ಡೆ ಪಲ್ಯದವಳು. ಆ ಸೊಪ್ಪು ಗಂಟಲಲ್ಲಿ ಇಳಿಯಲೇ ಇಲ್ಲ. ಪಕ್ಕದ ಮನೆಯಲ್ಲಿ ಒಂದು ಮೇಕೆ ಇತ್ತು. ಎರಡು ವಾರ ಸೊಪ್ಪನ್ನೆಲ್ಲ ಅದಕ್ಕೆ ಹಾಕಿ, ಅದು ಬಿಟ್ಟ ಕಡ್ಡಿಗಳನ್ನು ಆರಿಸಿ, ತೊಳೆದು, ದಾರ ಕಟ್ಟಿ ಜಯಮ್ಮನ ಮುಂದಿಟ್ಟೆ. ಮೊದಲ ವಾರ ಏನೂ ಅನ್ನಲಿಲ್ಲ. ಎರಡನೇ ವಾರ ಕಡ್ಡಿಯನ್ನು ಒಂದೊಂದಾಗಿ ತಿರುಗಿಸುವ ಸದ್ದು ಕೇಳಿತು.

"ಸಾಕಮ್ಮೋರೆ, ಎಲೆ ಬಿಡಿಸ್ದಾಗ ಕಡ್ಡಿ ಸಿಪ್ಪೆ ಹಂಗೇ ಇರ್ತದೆ. ನೀವು ಸಿಪ್ಪೇನೂ ಬಿಟ್ಟಿಲ್ವಲ್ಲ. ಅಷ್ಟೊಂದು ಹಸಿವಾ?"

ಒಂದು ಕಡ್ಡಿಯನ್ನು ನನ್ನ ಬೆರಳಿಗೆ ಮುಟ್ಟಿಸಿದರು.

"ಇದು ಉಗುರಲ್ಲಿ ಬಿಡಿಸಿದ್ದಲ್ಲ, ಹಲ್ಲಲ್ಲಿ ಎಳೆದಿದ್ದು. ನಿಮ್ಮನೆ ಪಕ್ಕದ ಮೇಕೆಗೆ ಶುಗರ್ ಎಷ್ಟಿದ್ಯಂತೆ?"

ಅಂಗಡಿಯಲ್ಲಿದ್ದವರೆಲ್ಲ ಗೊಳ್ಳೆಂದು ನಕ್ಕರು. ಜಯಮ್ಮ ನಗಲಿಲ್ಲ. ಕೌಂಟರಿನ ಈಚೆ ಬಂದು ನನ್ನ ಕೈ ಹಿಡಿದುಕೊಂಡರು. ಟಿಂಚರು, ಸಬ್ಬಸಿಗೆ. ಮೆಲ್ಲಗೆ ಕೇಳಿದರು, "ನನ್ನ ಏಮಾರಿಸಿದ್ರೆ ನಂಗೇನೂ ಹೋಗಲ್ಲ. ಹುಟ್ಟೋ ಮಗು ಮುಖ ನೋಡೋದು ಮೇಕೇನಾ, ನೀವಾ?"

ಅವತ್ತು ರಾತ್ರಿ ಹೊನಗೊನ್ನೆ ಸೊಪ್ಪನ್ನು ಕಣ್ಣಲ್ಲಿ ನೀರು ಹಾಕಿಕೊಂಡು ತಿಂದೆ. ಮಾರನೆಯ ದಿನ ನೀರಿಲ್ಲದೆ ತಿಂದೆ. ತಿಂಗಳಾಗುವ ಹೊತ್ತಿಗೆ, ಒಗ್ಗರಣೆಗೆ ಬೆಳ್ಳುಳ್ಳಿ ಜಜ್ಜಿ ಹಾಕಿ ಮಂಗಳಾಳ ತಟ್ಟೆಗೂ ಬಡಿಸುತ್ತಿದ್ದೆ.

ಆ ಕಟ್ಟಡದ ಯಜಮಾನರು ಮಹಡಿಯ ಮೇಲೆ ಇದ್ದವರು. ಸೊಪ್ಪಿನ ಬುಟ್ಟಿ ಅವರ ಕಣ್ಣಿಗೆ ಚುಚ್ಚುತ್ತಿತ್ತು. ಒಂದು ಸೋಮವಾರ ಬೆಳಿಗ್ಗೆ ನಾನು ಅಂಗಡಿಯಲ್ಲಿದ್ದಾಗಲೇ ದಡದಡ ಇಳಿದು ಬಂದರು.

"ಏನಮ್ಮ ಜಯಮ್ಮ, ಬೋರ್ಡಲ್ಲಿ ಮೆಡಿಕಲ್ ಸ್ಟೋರ್ ಅಂತ ಇದೆ. ತರಕಾರಿ ಮಂಡಿ ಅಂತ ಎಲ್ಲಿದೆ?"

"ಬರೆಸ್ಬೇಕಾ ಸಾರ್? ನಾಳೇನೇ ಬರೆಸ್ತೀನಿ."

"ತಲೆಹರಟೆ ಬೇಡ. ನನ್ನ ಕಟ್ಟಡದಲ್ಲಿ ಇನ್ಮೇಲೆ ಒಂದು ಎಲೆ ಕೂಡ ಇಡಕೂಡ್ದು."

ಜಯಮ್ಮ ಬುಟ್ಟಿ ಎತ್ತುವ ಸದ್ದು ಕೇಳಿತು. ಹೆರಿಗೆಗೆ ಎರಡು ತಿಂಗಳಿತ್ತು, ಶುಗರ್ ಆಗ ತಾನೇ ಇಳಿಯಲು ಶುರುವಾಗಿತ್ತು. ನಾನು ಮೆಟ್ಟಿಲ ಮೇಲೆ ಕೂತು ಕೈ ಚಾಚಿದೆ. "ಇಲ್ಲಿ ಕೊಡಿ ಜಯಮ್ಮೋರೆ." ಬುಟ್ಟಿಯನ್ನು ಮಡಿಲಲ್ಲಿ ಇಟ್ಟುಕೊಂಡೆ. ದಂಟಿನ ಸೊಪ್ಪಿನ ನೀರು ಸೀರೆಗೆ ಇಳಿಯಿತು.

"ಏನಿದು?" ಅಂದರು ಯಜಮಾನರು.

"ನಿಮ್ಮ ಕಟ್ಟಡದಲ್ಲಿ ಏನೂ ಇಟ್ಟಿಲ್ಲ ಸ್ವಾಮಿ, ನನ್ನ ಮಡ್ಲಲ್ಲಿದೆ. ಮಡ್ಲೂ ನಿಮ್ದೇನಾ?"

"ಕೂತಿರೋ ಮೆಟ್ಲು ನಂದು ಕಣಮ್ಮ!"

"ಕಾಯ್ಲೆಯವ್ರು ಔಷ್ದಿ ಅಂಗ್ಡಿ ಮೆಟ್ಲಲ್ಲಿ ಕೂರ್ಬಾರ್ದು ಅಂತ ಬೋರ್ಡ್ ಹಾಕಿದೀರಾ? ನಂಗೆ ಕಣ್ಣು ಕಾಣಲ್ಲ. ಎಲ್ಲೈತೆ, ಓದಿ ಹೇಳಿ."

ಅವರು ದಡದಡ ಮೇಲಕ್ಕೆ ಹೋದರು. ಬೆನ್ನ ಹಿಂದೆ ಜಯಮ್ಮ ಮೊದಲ ಸಲ ಗಟ್ಟಿಯಾಗಿ ನಕ್ಕರು. ಸಣ್ಣ ಹುಡುಗಿಯ ನಗು ಅದು.

ಆಮೇಲಿನ ಸೋಮವಾರಗಳೆಲ್ಲ ನಮ್ಮ ಸರದಿ. ಒಂದು ವಾರ ನಾನು, ಒಂದು ವಾರ ಬಿಪಿಯ ರಿಟೈರ್ಡ್ ಮೇಷ್ಟ್ರು, ಒಂದು ವಾರ ಮೇಕೆಯ ಮನೆಯಾಕೆ, ಬುಟ್ಟಿಯನ್ನು ಮಡಿಲಲ್ಲಿಟ್ಟುಕೊಂಡು ಕೂರುವುದು. ಮೇಷ್ಟ್ರು ಪಂಚೆಯ ಮೇಲೆ ಟವಲು ಹಾಸಿಕೊಂಡು, ಪಾಠ ಹೇಳುವ ದನಿಯಲ್ಲಿ ಚೀಟಿ ತಂದವರ ಹೆಸರು ಕೂಗುತ್ತಿದ್ದರಂತೆ.

ನನ್ನ ಶುಗರ್ ಇಳಿಯಿತು. ಕಣ್ಣಿನ ಡಾಕ್ಟರು ರಿಪೋರ್ಟನ್ನು ಎರಡು ಸಲ ನೋಡಿ, "ಏನ್ ತಿಂದ್ರಿ ಅಮ್ಮ?" ಅಂದರು. "ಮೇಕೆ ಪಾಲಿಂದು," ಅಂದೆ. ಅವರಿಗೆ ಅರ್ಥವಾಗಲಿಲ್ಲ, ಬಿಡಿ.

ಮೊದಲು ಎಡಗಣ್ಣಿಗೆ ಆಪರೇಷನ್ ಆಯಿತು. ಆಗ ಮಗುವಿಗೆ ಒಂಬತ್ತು ದಿನ. ಪಟ್ಟಿ ಬಿಚ್ಚಿದ ದಿನ ಮನೆಗೆ ಬಂದು ಮೊಮ್ಮಗಳನ್ನು ಮಡಿಲಲ್ಲಿ ಮಲಗಿಸಿಕೊಂಡೆ. ಮೇಲ್ತುಟಿಯ ಮೇಲೆ ಹಾಲಿನ ಒಂದು ಗುಳ್ಳೆ. ಎಡಗಿವಿಯ ಹಿಂದೆ ಸಾಸಿವೆಯಷ್ಟು ಮಚ್ಚೆ. ಆ ಮಚ್ಚೆಯನ್ನು ಮೊದಲು ಕಂಡುಹಿಡಿದವಳು ನಾನು! ಹೆತ್ತ ಮಂಗಳಾ ನೋಡಿರಲಿಲ್ಲ, ಎತ್ತಿ ಆಡಿಸಿದ ಬೀಗಿತ್ತಿ ನೋಡಿರಲಿಲ್ಲ. ಅಕ್ಕಪಕ್ಕದ ಮನೆಗೆಲ್ಲ ಹೇಳಿಕೊಂಡು ಬಂದೆ.

ಆಮೇಲೆ ಟ್ರಂಕಿನಿಂದ ಸೊಪ್ಪಿನ ಹಳೆಯ ಕವರುಗಳನ್ನು ತೆಗೆದೆ. ಡೋಸ್ ಬರೆದ ಕಾಗದ ಬಿಸಾಡಬಾರದು ಅಂತ ಎಲ್ಲವನ್ನೂ ಎತ್ತಿಟ್ಟಿದ್ದೆ. ಅಕ್ಷರ ಕೂಡಿಸಿ ಓದಿದೆ. ಮಧ್ಯಾಹ್ನ ಎರಡು ಹಿಡಿ. ರಾತ್ರಿ ಎರಡು ಹಿಡಿ. ಅದರ ಕೆಳಗೆ, ಮೊದಲ ಎರಡು ವಾರದ್ದು ಬಿಟ್ಟು ಪ್ರತಿ ಕವರಿನ ಮೇಲೂ ಗೆರೆ ಎಳೆದು ಬರೆದಿತ್ತು: "ಮೇಕೆಗೆ ಅಲ್ಲ."

ಮಂಗಳಾ ವಾರವಾರವೂ ಓದಿ ಒಳಗೊಳಗೇ ನಗುತ್ತಿದ್ದಳಂತೆ. "ಹೇಳ್ಬಾರ್ದಿತ್ತೇನೇ?" ಅಂದೆ. "ಹೇಳಬೇಡ ಅಂತ ಜಯಮ್ಮಾನೇ ಅಂದಿದ್ರು. ನಿಮ್ಮಮ್ಮ ಒಂದಿನ ಅವರೇ ಓದ್ತಾರೆ, ನೀನು ಸುಮ್ನಿರು ಅಂದ್ರು," ಅಂದಳು.

ಕವರು ಹಿಡಿದುಕೊಂಡು ಓಡಿದೆ. ಅಂಗಡಿಯ ಮುಂದೆ ಸಾಮಾನು ಆಟೋ ನಿಂತಿತ್ತು. ಯಜಮಾನರು ಅಂಗಡಿ ಬಿಡಿಸಿದ್ದರು. ಆಪರೇಷನ್ ಆದವಳಿಗೆ ಗೊತ್ತಾಗುವುದು ಬೇಡ ಅಂತ ನನಗೆ ಯಾರೂ ಹೇಳಿರಲಿಲ್ಲ. ಆಟೋದ ಹತ್ತಿರ ಒಬ್ಬ ಹೆಂಗಸು ರಟ್ಟಿನ ಡಬ್ಬಿ ಎಣಿಸುತ್ತಿದ್ದರು. ಅಷ್ಟು ಗಡುಸು ದನಿಯವರು ಎತ್ತರದ ಆಳಿರಬೇಕು ಅಂದುಕೊಂಡಿದ್ದೆ. ಇವರು ನನ್ನ ಭುಜಕ್ಕೆ ಬರುತ್ತಿದ್ದರು. ಕೈ ಮೂಸಿ ನೋಡಿಯೇ ನಂಬಿದೆ.

"ಓದಿದ್ರಾ?" ಅಂದರು.

"ಓದ್ದೆ ಕಣ್ರೀ!" ಅಂದೆ. ಇಬ್ಬರೂ ಬೀದಿಯಲ್ಲಿ ನಿಂತು ನಕ್ಕೆವು. ನಕ್ಕೂ ನಕ್ಕೂ ಅವರೇ ಮೊದಲು ಸೆರಗು ತೆಗೆದುಕೊಂಡು ಕಣ್ಣು ಒರೆಸಿಕೊಂಡರು. ಹುಣಸೂರಿನಲ್ಲಿರುವ ತಮ್ಮನ ಮೆಡಿಕಲ್ ಅಂಗಡಿಗೆ ಹೋಗುತ್ತಿದ್ದೇನೆ, ಅಲ್ಲಿಯ ಡಾಕ್ಟರ ಕೈಲೂ ಸೊಪ್ಪು ಬರೆಸುತ್ತೇನೆ ಅಂದರು. ಆಟೋ ಹತ್ತುವ ಮುಂಚೆ ಕೊನೆಯ ಕವರು ಬರೆದುಕೊಟ್ಟರು. ಅದರಲ್ಲಿ ಒಂದೇ ಮಾತಿತ್ತು: "ಮುಂದುವರಿಸಿ."

ಮುಂದುವರಿಸುತ್ತಿದ್ದೇನೆ. ಸೊಪ್ಪನ್ನು ಗಾಡಿಯವನ ಹತ್ತಿರ ತಗೊಳ್ಳುತ್ತೇನೆ, ಎಲೆ ಬಿಡಿಸುತ್ತೇನೆ, ಕಡ್ಡಿ ಕಟ್ಟುತ್ತೇನೆ. ಅಂಗಡಿಯ ಬಾಗಿಲು ಹಾಕಿದೆ, ಮೇಲೆ "ಬಾಡಿಗೆಗಿದೆ" ಅಂತ ಬೋರ್ಡು. ಅದನ್ನೂ ಓದಿದ್ದೇನೆ. ಪ್ರತಿ ಸೋಮವಾರ ಬೆಳಿಗ್ಗೆ ಆ ಮೆಟ್ಟಿಲ ಮೇಲೆ ನನ್ನ ಕಡ್ಡಿಯ ಕಟ್ಟು ಇಟ್ಟು ಬರುತ್ತೇನೆ.

ಹೋದ ವಾರ ಯಜಮಾನರು ಕಾದು ಕೂತು ಹಿಡಿದರು. "ಸೋಮವಾರ ಬಂದ್ರೆ ಇದೇನಮ್ಮ ಕಸ?"

"ಕಸ ಅಲ್ಲ ಸ್ವಾಮಿ, ಖಾಲಿ ಸ್ಟ್ರಿಪ್ಪು. ಔಷ್ದಿ ತಗೊಂಡಿದೀನಿ ಅಂತ ತೋರಿಸ್ಬೇಕಲ್ಲ."

"ಯಾರಿಗೆ ತೋರಿಸ್ತೀಯ? ಔಷ್ದಿ ಅಂಗ್ಡಿ ಹೋಯ್ತಲ್ಲ!"

"ಇನ್ನೊಂದು ಬರೋಗಂಟ ನಿಮ್ಗೇ ತೋರಿಸ್ತೀನಿ," ಅಂದೆ.

ಈ ಸೋಮವಾರ ಮೊಮ್ಮಗಳನ್ನೂ ಸೊಂಟದ ಮೇಲೆ ಕೂರಿಸಿಕೊಂಡು ಹೋಗುತ್ತೇನೆ. ಅವಳ ಕೈಗೂ ಒಂದು ಕಡ್ಡಿ ಕೊಡುತ್ತೇನೆ.