ಪಟ್ಟಿ ಕಟ್ಟದ ಕಾಲು

ಮೊನ್ನೆ ಮಗಳು ಶಾಲೆಯಲ್ಲಿ ಬಿದ್ದು ಮೊಣಕಾಲು ಊದಿಸಿಕೊಂಡು ಬಂದಳು. ನೋವಿನ ಮುಲಾಮಿನ ಮುಚ್ಚಳ ತೆಗೆದೆ, ಅಷ್ಟೆ. ಆ ಘಾಟಿಗೆ ಎದುರುಮನೆಯ ಅಣ್ಣ ನೆನಪಾಗಿ ಕೈ ನಿಂತುಹೋಯಿತು. ನೀನೇ ಹಚ್ಚಿಕೋ ಎಂದು ಡಬ್ಬಿಯನ್ನು ಅವಳಿಗೆ ಕೊಟ್ಟು ಹೊರಗೆ ಬಂದೆ.

ಬೈರಮಂಗಲದ ಸುತ್ತಮುತ್ತ ಅಣ್ಣನಂಥ ಕಬಡ್ಡಿ ಆಟಗಾರ ಇರಲಿಲ್ಲ. ಅವನು ಗೆರೆ ದಾಟಿ ನುಗ್ಗಿದರೆ ಇಬ್ಬರನ್ನಾದರೂ ಮುಟ್ಟದೆ ವಾಪಸು ಬರುತ್ತಿರಲಿಲ್ಲ. ಬಿಡದಿ ಕಡೆ ಕಾರ್ಖಾನೆಗಳು ಒಂದರ ಹಿಂದೊಂದು ಏಳುತ್ತಿದ್ದ ಕಾಲ ಅದು. ಅದರಲ್ಲೊಂದು ಕಾರ್ಖಾನೆಯವರು ಕಬಡ್ಡಿ ತಂಡ ಕಟ್ಟಲು ಹೊರಟು, ಆಡುವವರಿಗೆ ಕೆಲಸವನ್ನೂ ಕೊಡುತ್ತೇವೆಂದರು. ಆಯ್ಕೆಯನ್ನು ಅಣ್ಣನಿಗೇ ಬಿಟ್ಟರು. ಅವನು ಊರಿನ ಏಳು ಜನರ ಹೆಸರು ಕೊಟ್ಟ. ನನ್ನದು ಕೊಡಲಿಲ್ಲ.

ಕೇಳಿದ್ದಕ್ಕೆ, "ನಿನ್ನಾಟ ಇನ್ನೂ ಒಸಿ ಹಸಿ ಐತೆ ಕಣ್ಲಾ," ಅಂದ. ಆ ಮಾತನ್ನು ನಾನು ಮರೆಯಲಿಲ್ಲ.

ಆದರೂ ಪಂದ್ಯಗಳಿಗೆ ನನ್ನನ್ನು ಕರೆದೊಯ್ಯುತ್ತಿದ್ದ, ಕಾಲು ತಿಕ್ಕಲು. ಅವನ ಎಡ ಮೊಣಕಾಲು ಆಗಲೇ ಸವೆದುಹೋಗಿತ್ತು. ಮುಲಾಮು ತಿಕ್ಕುವುದು ಎಡಗಾಲಿಗೆ, ಪಟ್ಟಿ ಕಟ್ಟುವುದು ಗಟ್ಟಿಮುಟ್ಟಾಗಿದ್ದ ಬಲಗಾಲಿಗೆ. ಎದುರಾಳಿಗಳು ಪಟ್ಟಿ ನೋಡಿ ಬಲಗಾಲಿಗೇ ಬೀಳುತ್ತಿದ್ದರು. ಅವನು ಅವರನ್ನು ಎಳೆದುಕೊಂಡೇ ಬಂದು ಗೆರೆ ಮುಟ್ಟುತ್ತಿದ್ದ. ಈ ಗುಟ್ಟು ಗೊತ್ತಿದ್ದುದು ನನಗೊಬ್ಬನಿಗೆ.

ಕನಕಪುರದ ಫೈನಲ್ ದಿನ ಎದುರಾಳಿ ತಂಡದವನೊಬ್ಬ ನಲ್ಲಿಯಲ್ಲಿ ನೀರು ಕುಡಿಯುತ್ತಿದ್ದ. ಪಕ್ಕಕ್ಕೆ ಹೋಗಿ ಹೇಳಿದೆ: "ಪಟ್ಟಿ ಇರೋ ಕಾಲ್ ಬುಡು. ಇನ್ನೊಂದನ್ನ ಹಿಡಿ."

ಹೇಳುವಾಗ ಖುಷಿಯಾಗಿತ್ತು. ಸುಳ್ಳೇಕೆ ಹೇಳಲಿ...

ಮೂರನೆಯ ರೈಡಿನಲ್ಲೇ ಎಡಗಾಲು ಸಿಕ್ಕಿತು. ನಾಲ್ಕು ಜನ ಮೇಲೆ ಬಿದ್ದರು. ಅವರೆಲ್ಲ ಎದ್ದರೂ ಅಣ್ಣ ಏಳಲಿಲ್ಲ. ಕಾಲು ಹಿಡಿದವನ ಕಡೆ ನೋಡಲೂ ಇಲ್ಲ. ತಲೆ ತಿರುಗಿಸಿ ನನ್ನನ್ನು ನೋಡಿದ. ಅಲ್ಲಿಗೆ ಅವನ ಆಟ ಮುಗಿಯಿತು.

ಯಾರ ಹತ್ತಿರವೂ ಅವನು ಬಾಯಿ ಬಿಡಲಿಲ್ಲ. ಬದಲಿಗೆ, ತನ್ನ ಜಾಗಕ್ಕೆ ನನ್ನನ್ನೇ ತೆಗೆದುಕೊಳ್ಳಬೇಕು, ಕ್ಯಾಪ್ಟನ್ನನ್ನಾಗಿಯೂ ಮಾಡಬೇಕು ಎಂದು ಕಾರ್ಖಾನೆಯವರ ಮುಂದೆ ಪಟ್ಟು ಹಿಡಿದ. ಅವನ ಮಾತಿಗೆ ಬೆಲೆಯಿತ್ತು, ಮಾಡಿದರು. ಅವನನ್ನು ಗೇಟು ಕಾಯಲು ಹಾಕಿದರು. ನನ್ನ ಆಟ ಹಸಿ ಎಂದದ್ದು ನಿಜವೇ ಆಗಿತ್ತು. ಹೋದಲ್ಲೆಲ್ಲ ಸೋತು ನಗೆಪಾಟಲಾದೆ. ಅಣ್ಣ ಪ್ರತಿ ಪಂದ್ಯಕ್ಕೂ ಕುಂಟಿಕೊಂಡು ಬಂದು, ಗೆರೆಯ ಪಕ್ಕದಲ್ಲೇ ಕುರ್ಚಿ ಹಾಕಿಸಿಕೊಂಡು ಕೂರುತ್ತಿದ್ದ. ಎರಡೇ ವರ್ಷಕ್ಕೆ ತಂಡ ಮುಚ್ಚಿತು, ನನ್ನ ಕೆಲಸ ಉಳಿಯಿತು. ಆಮೇಲೂ ದಿನಾ ಬೆಳಿಗ್ಗೆ ಗೇಟು ತೆಗೆದು, "ಬನ್ನಿ ಕ್ಯಾಪ್ಟನ್," ಅನ್ನುತ್ತಿದ್ದ. ಚಿಕ್ಕಂದಿನಲ್ಲಿ ನನ್ನನ್ನು ಎತ್ತಿ ಆಡಿಸಿದವನು ನನಗೆ ಬಹುವಚನ ಹಚ್ಚಿದ. ವರ್ಷಗಟ್ಟಲೆ, ಒಂದು ದಿನವೂ ತಪ್ಪಿಸದೆ. ಹೊಡೆದಿದ್ದರೆ ತಡೆದುಕೊಳ್ಳಬಹುದಿತ್ತು.

ಹೋದ ವರ್ಷ ಅವನು ಹಾಸಿಗೆ ಹಿಡಿದ. ಹೋಗಿ ಪಕ್ಕದಲ್ಲಿ ಕೂತೆ. ಅವತ್ತು ಕನಕಪುರದಲ್ಲಿ ನಾನು... ಎಂದು ಬಾಯಿ ತೆರೆಯುವಷ್ಟರಲ್ಲಿ ಕೈ ಎತ್ತಿ ತಡೆದ.

"ಯೋಳ್ಬ್ಯಾಡಿ ಕ್ಯಾಪ್ಟನ್. ಯೋಳ್ಬುಟ್ರೆ ನಿಮ್ಗೆ ಹಗೂರಾಗ್ಬುಡ್ತದೆ."

ಆ ವಾರವೇ ತೀರಿಕೊಂಡ.

ಈಗ ತಡೆಯುವವರು ಯಾರೂ ಇಲ್ಲವೆಂದು ಇದನ್ನೆಲ್ಲ ಬರೆದೆ. ಹಗುರವಾಗಲಿಲ್ಲ. ಇದನ್ನು ಕೇಳಿಸಿಕೊಳ್ಳಬೇಕಾದವನು ಅವನೊಬ್ಬನೇ ಇದ್ದ.