ಎಡಗೈ ಕತ್ತಿಯ ಮುಕ್ಕು

ಸಾಣೆಯವನ ಕೈಗೆ ಒಂದು ಚಾಕು ಕೊಟ್ಟರೆ ಸಾಕು, ಅದನ್ನು ಬಳಸಿದವರ ಪೂರ್ವಾಪರವನ್ನೆಲ್ಲ ಬಿಚ್ಚಿಡುತ್ತಿದ್ದ. ಹೋಟೆಲಿನ ಚಾಕು ನೋಡಿ, "ಅಡುಗೆಗೆ ಹೊಸಬ ಬಂದಿದಾನಾ? ಎಡಚ ಅಲ್ವಾ?" ಅನ್ನುತ್ತಿದ್ದ. ದರ್ಜಿಯ ಕತ್ತರಿ ನೋಡಿ, "ಇದರಲ್ಲಿ ನಿಮ್ಮನೆಯವರು ರಟ್ಟು ಕತ್ತರಿಸಿದಾರೆ" ಅಂದು, ಆ ಗಂಡಹೆಂಡಿರ ನಡುವೆ ಎರಡು ದಿನ ಮಾತು ನಿಲ್ಲಿಸಿದ್ದೂ ಉಂಟು. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವನ ಅಂಗಡಿ. ಇಬ್ಬರು ನಿಂತರೆ ಮೂರನೆಯವನು ಹೊರಗೇ. ಒಂದು ಮೋಟಾರಿನ ಸಾಣೆಕಲ್ಲು, ನೀರಿನ ಡಬ್ಬ, ಗೋಡೆಗೆ ಸಾಲಾಗಿ ತೂಗುಹಾಕಿದ ಅರಗಳು. ಒಳ್ಳೆಯ ಮನುಷ್ಯ. ಷಡ್ಡಕನ ಸುದ್ದಿ ಬರುವ ತನಕ ಮಾತ್ರ.

ಷಡ್ಡಕ ಎಂದರೆ ಹೆಂಡತಿಯ ಅಕ್ಕನ ಗಂಡ, ಕತ್ತಿವರಸೆ ಕಲಿಸುವವರು. ಊರಿಗೆಲ್ಲ ಅವರು ಮೇಷ್ಟ್ರು. ಕಟ್ಟಿಕೊಂಡ ಹೆಂಡತಿಗೂ ಮೇಷ್ಟ್ರೇ. ಮಾವನ ಮನೆಗೆ ಅವರು ಬಂದರೆ ಕೈಯಿರುವ ಕುರ್ಚಿ ತಾನಾಗಿ ಖಾಲಿಯಾಗುತ್ತಿತ್ತು. ಸಾಣೆಯವನು ಹೋದರೆ ಅತ್ತೆ ಅಡುಗೆಮನೆಯ ಮೊಂಡು ಚಾಕುಗಳನ್ನೆಲ್ಲ ತಂದು ಮುಂದಿಡುತ್ತಿದ್ದರು. ಮನೆಮಂದಿಯ ಫೋಟೋ ತೆಗೆಸುವಾಗ ಮಾವ, "ನೀನು ಸ್ವಲ್ಪ ಪಕ್ಕಕ್ಕೆ ನಿಲ್ಲಪ್ಪ, ಕೈಯೆಲ್ಲ ಮಸಿ" ಅಂದಿದ್ದರು. ಆ ಫೋಟೋದಲ್ಲಿ ಮೇಷ್ಟ್ರು ನಟ್ಟನಡುವೆ. ಸಾಣೆಯವನದು ಒಂದು ಕಿವಿ, ಅರ್ಧ ಭುಜ. ಅದನ್ನು ಒರೆಸುವಾಗಲೆಲ್ಲ ಹೆಂಡತಿ, "ಭಾವನ್ನ ನೋಡಿ, ಐವತ್ತಾದ್ರೂ ಬೆನ್ನು ಹೇಗಿದೆ!" ಅನ್ನುವಳು. ಇವನ ಹೊಟ್ಟೆಗೆ ಕೆಂಡ ಸುರಿದ ಹಾಗಾಗುತ್ತಿತ್ತು.

ಸಾಲದ್ದಕ್ಕೆ ಆ ಬೆನ್ನಿನವರ ಕತ್ತಿಗಳನ್ನು ತಿಂಗಳಿಗೊಮ್ಮೆ ಸರಿಮಾಡುವವನೂ ಇವನೇ. ಮೇಷ್ಟ್ರು ಕಲಿಸುತ್ತಿದ್ದದ್ದು ಎರಡೂ ಕೈಯಲ್ಲಿ ಕತ್ತಿ ಹಿಡಿಯುವ ಜೋಡಿ ವರಸೆ. ಅಭ್ಯಾಸದ ಕತ್ತಿಗೆ ಹರಿತವಿರುವುದಿಲ್ಲ, ನಿಜ. ಆದರೆ ಏಟು ಬಿದ್ದಲ್ಲಿ ಅಂಚು ಮುಕ್ಕಾಗಿ ಚೂಪು ಏಳುತ್ತದೆ. ಅರದಿಂದ ನುಣುಪು ಮಾಡದಿದ್ದರೆ ಕಲಿಯುವವರ ಕೈ ಸೀಳುತ್ತದೆ. ಹನ್ನೆರಡು ವರ್ಷದಿಂದಲೂ ಎಡಗೈ ಕತ್ತಿಯ ಮುಕ್ಕುಗಳೆಲ್ಲ ಹಿಡಿಯ ಹತ್ತಿರ, ಬಲಗೈ ಕತ್ತಿಯವೆಲ್ಲ ತುದಿಯ ಹತ್ತಿರ.

"ಹಾಗೇ ಇರ್ಬೇಕಪ್ಪ," ಎನ್ನುತ್ತಿದ್ದರು ಮೇಷ್ಟ್ರು. "ಹಿಡಿ ಹತ್ರ ಅಲಗು ಗಟ್ಟಿ. ಎಡಗೈ ಅಲ್ಲಿ ತಡೀಬೇಕು, ಬಲಗೈ ಅದೇ ಉಸಿರಲ್ಲಿ ತುದಿಯಿಂದ ಹೊಡೀಬೇಕು. ಒಂಟಿ ಕತ್ತಿಯವನು ತಡೆಯೋದೂ ಅದರಲ್ಲೇ, ಹೊಡೆಯೋದೂ ಅದರಲ್ಲೇ. ಅವನ ಅಲಗಲ್ಲಿ ಎರಡು ಕಡೆನೂ ಮುಕ್ಕು."

ಊರಿನ ಉಳಿದ ವರಸೆಗಾರರು ಇದಕ್ಕೆ ಸರ್ಕಸ್ ಎಂದು ಹೆಸರಿಟ್ಟಿದ್ದರು. ಹಿಂದೆ ಯಾರೂ ಹೀಗೆ ಕಾದಿಲ್ಲ, ಕಾದಿದ್ದರೆ ಸಾಕ್ಷಿ ತೋರಿಸಲಿ ಎನ್ನುತ್ತಿದ್ದರು. ಆಗ ಮೇಷ್ಟ್ರ ಮುಖ ಸಣ್ಣದಾಗುತ್ತಿತ್ತು. ಸಾಣೆಯವನಿಗೆ ಸಿಕ್ಕುತ್ತಿದ್ದ ನೆಮ್ಮದಿ ಅದೊಂದೇ.

ಅದಕ್ಕೂ ಕಲ್ಲು ಬಿತ್ತು. ಮ್ಯೂಸಿಯಂನ ಉಗ್ರಾಣದಲ್ಲಿ ಹಳೆಯ ಒರೆಯೊಂದು ಸಿಕ್ಕಿತು; ಒಂದೇ ಒರೆಯೊಳಗೆ ಎರಡು ಕತ್ತಿ. ಒಬ್ಬನೇ ಎರಡನ್ನೂ ಹಿಡಿದು ಕಾದಿದ್ದನೆಂದು ಖಾತ್ರಿಯಾದರೆ ಮ್ಯೂಸಿಯಂ ಅಂಗಳದಲ್ಲೇ ವಾರಕ್ಕೊಮ್ಮೆ ಮೇಷ್ಟ್ರ ವರಸೆ ಎಂದು ತೀರ್ಮಾನವಾಯಿತು. ಅಲಗು ಓದಬಲ್ಲವನೆಂದು ಸಾಣೆಯವನಿಗೆ ಕರೆ ಬಂತು.

ಉದ್ದನೆಯ ಮೇಜಿನ ಮೇಲೆ ಬಿಳಿಬಟ್ಟೆ, ಅದರ ಮೇಲೆ ಎರಡು ಕತ್ತಿ. ಗೋಡೆಗೆ ಒರಗಿ ಮೇಷ್ಟ್ರು ನಿಂತಿದ್ದರು, ಪರೀಕ್ಷೆಯ ಫಲಿತಾಂಶಕ್ಕೆ ಕಾದವರ ಹಾಗೆ.

"ಒಂದು ಚಿತ್ರಾನೂ ಇದೆ, ಒಬ್ಬ ಎರಡು ಕತ್ತಿ ಹಿಡಿದಿರೋದು," ಎಂದರು ಮ್ಯೂಸಿಯಂ ಮೇಡಂ. "ಆದ್ರೆ ಚಿತ್ರಗಾರ ಚೆಂದಕ್ಕೂ ಬರೆದಿರಬಹುದು. ಕಬ್ಬಿಣ ಏನು ಹೇಳುತ್ತೆ, ನೀವು ನೋಡಿ."

ಸಾಣೆಯವನು ಭೂತಗನ್ನಡಿ ಹಿಡಿದ. ಒಂದರ ಹಿಡಿ ಬಲಗೈಯಲ್ಲಿ ಸವೆದದ್ದು, ಇನ್ನೊಂದರದು ಎಡಗೈಯಲ್ಲಿ. ಎಡಗೈ ಕತ್ತಿಯ ಮುಕ್ಕುಗಳೆಲ್ಲ ಹಿಡಿಯ ಹತ್ತಿರ, ಬಲಗೈಯವು ತುದಿಯಲ್ಲಿ. ಅರ ಹಾಕಿ ಹಾಕಿ ಬೆರಳಿಗೆ ಬಾಯಿಪಾಠವಾಗಿದ್ದ ಅವೇ ಮುಕ್ಕುಗಳು. ಒಬ್ಬನೇ ಮನುಷ್ಯ, ಎರಡು ಕೈ. ಸಂಶಯಕ್ಕೆ ಎಡೆಯೇ ಇಲ್ಲ. ಅವನ ಎದೆ ಒಮ್ಮೆ ಹಿಗ್ಗಿದ್ದೂ ನಿಜ.

ತಲೆ ಎತ್ತಿದಾಗ ಮೇಷ್ಟ್ರು ಕಿಟಕಿಯತ್ತ ತಿರುಗಿ ನಿಂತಿದ್ದರು; ಕಂಡದ್ದು ಅವರ ನೆಟ್ಟಗಿನ ಬೆನ್ನು. ಕುರ್ಚಿ, ಫೋಟೋ, ಅರ್ಧ ಭುಜ, ಎಲ್ಲ ಒಟ್ಟಿಗೆ ನೆನಪಾದವು. ಇನ್ನು ಅಂಗಳವೂ ಇವರಿಗೇ?

"ಇಬ್ಬರದು," ಎಂದ. "ಒಬ್ಬ ಬಲಗೈಯವನು, ಇನ್ನೊಬ್ಬ ಎಡಚ. ಹಿಡಿ ಸವೆದಿರೋದು ನೋಡಿ, ಗೊತ್ತಾಗುತ್ತೆ. ಒಂದೇ ಒರೆಗೆ ಆಮೇಲೆ ಯಾರೋ ಸೇರಿಸಿದಾರೆ."

ಮುಕ್ಕಿನ ಮಾತನ್ನು ಎತ್ತಲೇ ಇಲ್ಲ. ಮೇಡಂ ಬರೆದುಕೊಂಡರು. ಮೇಷ್ಟ್ರು ಹತ್ತಿರ ಬಂದು, "ಖಂಡಿತಾನಾ?" ಎಂದು ಒಂದೇ ಮಾತು ಕೇಳಿದರು. ಇವನು ಹೂಂ ಅಂದ. ಬಾಗಿಲ ತನಕ ಕಳಿಸಲು ಬಂದ ಮೇಡಂ, "ನಿಮ್ಮನ್ನೇ ಕರೀಬೇಕು ಅಂದಿದ್ದು ಮೇಷ್ಟ್ರು. ಅಲಗಿನ ವಿಷಯದಲ್ಲಿ ನಮ್ಮವನ ಮಾತೇ ಕೊನೆ ಅಂದ್ರು" ಎಂದರು. ಚಪ್ಪಲಿ ಮೆಟ್ಟಿಕೊಳ್ಳುವಾಗ ಸಾಣೆಯವನ ಕಾಲು ಎರಡು ಸಲ ತಪ್ಪಿತು.

ಗಾಜಿನ ಪೆಟ್ಟಿಗೆಯ ಪಕ್ಕ ಫಲಕ ಬಂತು: ಇಬ್ಬರು ಯೋಧರ ಕತ್ತಿಗಳು. ಕೆಳಗೆ, ಗುರುತಿಸಿದವನೆಂದು ಸಾಣೆಯವನ ಹೆಸರು. ಹೆಂಡತಿ ಮನೆಮಂದಿಯನ್ನೆಲ್ಲ ಕರೆದೊಯ್ದು ತೋರಿಸಿದಳು. ಮಾವ ಮೊದಲ ಸಲ ಕೈಯಿರುವ ಕುರ್ಚಿ ತೋರಿಸಿ, "ಕೂತ್ಕೊಳ್ಳಪ್ಪ" ಎಂದರು. ಕೂತ. ಮೊಳೆ ಮೇಲೆ ಕೂತ ಹಾಗಿತ್ತು.

ಎರಡು ತಿಂಗಳು ಮೇಷ್ಟ್ರು ಅಂಗಡಿಗೆ ಬರಲಿಲ್ಲ. ಒಂದು ಬೆಳಗ್ಗೆ ಬಂದರು, ಒಂದೇ ಕತ್ತಿ ಹಿಡಿದು. ಎಡಗೈಗೆ ಮೊಣಕೈ ತನಕ ಪ್ಲಾಸ್ಟರ್.

"ಇನ್ನೊಂದು ಕತ್ತಿ?"

"ಬಿಟ್ಟೆ. ಇಲ್ಲದ್ದನ್ನ ಮಕ್ಕಳಿಗೆ ಕಲಿಸೋಕಾಗುತ್ತಾ? ನೀನೇ ನೋಡಿ ಹೇಳಿದ್ಯಲ್ಲ. ಈಗ ಒಂಟಿ ಕತ್ತಿನೇ."

"ಕೈಗೇನಾಯ್ತು?"

ಮೇಷ್ಟ್ರು ನಕ್ಕರು. "ಅಭ್ಯಾಸ ನೋಡು. ಎದುರಿಂದ ಏಟು ಬಂತು ಅಂದ್ರೆ ಎಡಗೈ ತಾನಾಗಿ ಎದ್ದುಬಿಡುತ್ತೆ. ಕತ್ತಿ ಇಲ್ಲ ಅನ್ನೋದು ಅದಕ್ಕಿನ್ನೂ ಗೊತ್ತಿಲ್ಲ. ಮೂಳೆ ಮುರೀತು."

ಸಾಣೆಯವನು ಕತ್ತಿಯನ್ನು ಬೆಳಕಿಗೆ ಹಿಡಿದ. ಒಂದೇ ಅಲಗಿನಲ್ಲಿ ಹಿಡಿಯ ಹತ್ತಿರವೂ ಮುಕ್ಕು, ತುದಿಯಲ್ಲೂ ಮುಕ್ಕು. ಅರ ತೆಗೆದುಕೊಳ್ಳದೆ ಕತ್ತಿಯನ್ನು ಕೆಳಗಿಟ್ಟ.

"ಮೇಷ್ಟ್ರೇ, ಅದು ಒಬ್ಬನದೇ."

"ಯಾವುದು?"

"ಮ್ಯೂಸಿಯಂ ಕತ್ತಿ. ಒಬ್ಬನೇ ಎರಡು ಕೈಲೂ ಹಿಡಿದಿದ್ದು. ಮುಕ್ಕು ನಿಮ್ಮ ಕತ್ತೀಲಿರೋ ಹಾಗೇ ಇದೆ. ನನಗೆ ಅವತ್ತೇ ಗೊತ್ತಿತ್ತು."

"ಗೊತ್ತಿದ್ದೂ?"

"ಹೊಟ್ಟೆಕಿಚ್ಚು, ಮೇಷ್ಟ್ರೇ. ಇನ್ನೇನು ಹೇಳಲಿ?"

ಬಯ್ದಿದ್ದರೆ ಚೆನ್ನಾಗಿತ್ತು. ಮೇಷ್ಟ್ರು ಬಲಗೈಯಿಂದ ಕತ್ತಿಯನ್ನು ಎತ್ತಿಕೊಂಡು, ಬಟ್ಟೆ ಸುತ್ತಲು ಇನ್ನೊಂದು ಕೈ ಬಾರದೆ, ಹಾಗೇ ಕಂಕುಳಲ್ಲಿ ಇಟ್ಟುಕೊಂಡು ಹೊರಟುಹೋದರು.

ಸಾಣೆಯವನು ಆವತ್ತೇ ಅಂಗಡಿ ಮುಚ್ಚಿ ಮ್ಯೂಸಿಯಂಗೆ ಹೋಗಿ ಎಲ್ಲವನ್ನೂ ಒಪ್ಪಿಕೊಂಡ. ಮೇಡಂ ಇನ್ನಿಬ್ಬರು ಬಲ್ಲವರಿಗೆ ಕತ್ತಿ ತೋರಿಸಿ ಖಾತ್ರಿಮಾಡಿಕೊಂಡು ಫಲಕ ಬದಲಿಸಿದರು. ಹೊಸದರಲ್ಲಿ ಇವನ ಹೆಸರಿಲ್ಲ. ಮಾವನ ಮನೆಯ ಕುರ್ಚಿ ಮತ್ತೆ ಮೇಷ್ಟ್ರಿಗೇ ಹೋಯಿತು. ಆಶ್ಚರ್ಯವೆಂದರೆ, ಅದಕ್ಕೆ ಇವನಿಗೆ ಉರಿಯಲಿಲ್ಲ.

ಪ್ಲಾಸ್ಟರ್ ಬಿಚ್ಚಿದ ಮೇಲೆ ಮೇಷ್ಟ್ರು ಬಟ್ಟೆ ಸುತ್ತಿದ ಎರಡು ಕತ್ತಿ ಹಿಡಿದು ಆ ಬೀದಿಗೆ ಬಂದರು. ಸಾಣೆಯವನು ಗಡಬಡಿಸಿ ಎದ್ದು, ಸ್ಟೂಲಿನ ಧೂಳು ಹೊಡೆದ. ಮೇಷ್ಟ್ರು ಎದುರು ಸಾಲಿನ ಹೊಸ ಸಾಣೆ ಅಂಗಡಿಯ ಮೆಟ್ಟಿಲು ಹತ್ತಿದರು.

ಸ್ವಲ್ಪ ಹೊತ್ತಿಗೆ ಅಲ್ಲಿಂದ ಮೋಟಾರಿನ ಸದ್ದು ಬಂತು. ಅರದಲ್ಲಿ ಮೆಲ್ಲಗೆ ತೀಡಬೇಕಾದ್ದನ್ನು ಆ ಹುಚ್ಚ ಸೀದಾ ಕಲ್ಲಿಗೆ ಕೊಟ್ಟಿದ್ದ. ಯಾವುದು ಎಡಗೈಯದು, ಯಾವುದು ಬಲಗೈಯದು ಅಂತಲೂ ಅವನಿಗೆ ಗೊತ್ತಿರಲಿಕ್ಕಿಲ್ಲ. ಫೋಟೋ ನೋಡಿದಾಗ, ಕುರ್ಚಿ ನೋಡಿದಾಗ ಉರಿದದ್ದೆಲ್ಲ ಏನೂ ಅಲ್ಲ ಅನ್ನುವಷ್ಟು ಸಾಣೆಯವನ ಹೊಟ್ಟೆ ಉರಿಯಿತು. ಕೈಯಲ್ಲಿ ಅರ ಹಿಡಿದುಕೊಂಡು ಅವನು ಬಾಗಿಲಲ್ಲೇ ನಿಂತಿದ್ದ.