ಅವ್ವ ಕೌದಿ ಹೊದ್ದು ಮಲಗಿದ ಭಾನುವಾರಗಳು

ಜೋಳದ ರೊಟ್ಟಿಯ ಅಂಚು ಹಂಚಿನ ಮೇಲೆ ಸೀದ ವಾಸನೆ ಮೂಗಿಗೆ ಬಡಿದರೆ ಸಾಕು, ಈಗಲೂ ನನಗೆ ಮೊದಲು ಬರುವುದು ಸಿಟ್ಟು, ಆಮೇಲೆ ಅವ್ವನ ನೆನಪು. ವಾಡಿಯ ರೈಲ್ವೆ ಕ್ವಾರ್ಟರ್ಸಿನ ಆ ಎರಡು ಕೋಣೆಯ ಮನೆಯನ್ನು ಕೆಡವಿದ್ದಾರೆ. ಸಿಮೆಂಟಿನ ಧೂಳು ಕೂತ ಕಿಟಕಿ, ನೀರು ಚಿಮುಕಿಸಿದರೆ ತಣ್ಣಗಾಗುತ್ತಿದ್ದ ಫರಸಿಕಲ್ಲಿನ ನೆಲ, ಎಲ್ಲ ಹೋದವು. ಅವ್ವನ ಆ ಹಾಳು ಆಟ ಮಾತ್ರ ನನ್ನನ್ನು ಬಿಟ್ಟಿಲ್ಲ. ಬರುವ ಕಷ್ಟಕ್ಕೆ ಮನಸ್ಸು ಗಟ್ಟಿ ಮಾಡಿಕೊಳ್ಳಿ ಎನ್ನುವ ತಾಯಂದಿರು ನಿಮ್ಮ ಮನೆಯಲ್ಲೂ ಇದ್ದಿರಬಹುದು. ನಮ್ಮವಳು ಅದನ್ನು ಮಾಡಿಸಿಯೇ ಬಿಡುತ್ತಿದ್ದಳು.

ತಿಂಗಳಿಗೊಂದು ಭಾನುವಾರ ಬೆಳಿಗ್ಗೆ ಹೊರಸಿನ ಮೇಲೆ ಮಲಗಿ, ಮುಖ ಮುಚ್ಚುವಂತೆ ಕೌದಿ ಎಳೆದುಕೊಂಡು, "ನಾ ಇವತ್ತ ಸತ್ತೀನಿ. ಮನಿ ನೀವೇ ನಡಸ್ರಿ" ಅನ್ನುತ್ತಿದ್ದಳು. ನಾನು, ನನ್ನ ತಮ್ಮ ಇಬ್ಬರೇ ಒಲೆ ಹಚ್ಚಬೇಕು, ನೀರು ಹಿಡಿಯಬೇಕು, ಪಾಳಿ ಮುಗಿಸಿ ಬರುವ ಅಪ್ಪನಿಗೆ ಬಡಿಸಬೇಕು. "ಅವ್ವಾ, ಉಪ್ಪ ಎಲ್ಲದ?" ಎಂದರೆ ಕೌದಿ ಅಲುಗುತ್ತಿರಲಿಲ್ಲ. ಗೆಳತಿಯರು ಹೊರಗೆ ಕುಂಟಾಬಿಲ್ಲೆ ಆಡುವಾಗ ನಾನು ತಾಯಿ ಬದುಕಿದ್ದೂ ತಬ್ಬಲಿಯಾಗಿ ಹಿಟ್ಟು ನಾದುತ್ತಿದ್ದೆ. ಒಮ್ಮೆ ಸಕ್ಕರೆ ಕೇಳಲು ಬಂದ ಪಕ್ಕದ ಮನೆಯ ಖಾಲಾ ಆ ಕೌದಿ ಕಂಡು ಚೀರಿಯೇ ಬಿಟ್ಟರು. ವಿಷಯ ತಿಳಿದ ಮೇಲೆ, "ಬದುಕಿದ್ದ ಹೆಂಗಸು ಇಂಥಾ ಆಟ ಆಡ್ತಾರೇನ್ರಿ ಅಕ್ಕಾ? ತೋಬಾ ತೋಬಾ!" ಎಂದು ಬೈದು ಹೋದರು.

ಅವ್ವ ಚಿಕ್ಕವಳಿದ್ದಾಗ ಮುಧೋಳದಲ್ಲಿ ಅವಳ ತಾಯಿ ಇದ್ದಕ್ಕಿದ್ದಂತೆ ತೀರಿಕೊಂಡಳು. ಆ ದಿನ ಮನೆಯಲ್ಲಿ ಯಾರಿಗೂ ಕಡ್ಡಿಪೆಟ್ಟಿಗೆ ಕೂಡ ಸಿಗಲಿಲ್ಲವಂತೆ. "ನಿಮಗ ಹಂಗ ಆಗಬಾರ್ದು" ಅನ್ನುತ್ತಿದ್ದಳು. ಆದರೆ ಅವಳಿಗೆ ಸಾಯುವುದೂ ಸರಿಯಾಗಿ ಬರುತ್ತಿರಲಿಲ್ಲ. ಸೀದ ವಾಸನೆ ಬಂತೋ, ಕೌದಿಯೊಳಗಿಂದ ಕೂಗು: "ರೊಟ್ಟಿ ಹೊತ್ತಲಿಕತ್ತದ, ತಿರುವಿ ಹಾಕ ಹುಡುಗಿ!" ಎದ್ದು ಬಂದು, ನನ್ನನ್ನು ಪಕ್ಕಕ್ಕೆ ಸರಿಸಿ, ತಾನೇ ರೊಟ್ಟಿ ಬಡಿಯುತ್ತಿದ್ದಳು.

ನಾನು ಹೈಸ್ಕೂಲಿನಲ್ಲಿದ್ದಾಗ, ಶಹಾಬಾದಿನ ಸಂತೆಗೆ ಹೋದ ಅವ್ವ ಅಲ್ಲೇ ಕುಸಿದುಬಿದ್ದಳು; ಮತ್ತೆ ಏಳಲಿಲ್ಲ. ಮಣ್ಣಿಗೆ ಬಂದ ಮಂದಿ ಕೇಳಿದ ವಿಭೂತಿ, ಟ್ರಂಕಿನ ತಳದ ಹೊಸ ಸೀರೆ ಎಲ್ಲ ನನ್ನ ಕೈಗೆ ತಟ್ಟನೆ ಸಿಕ್ಕವು. "ಭಾಳ ಗಟ್ಟಿ ಹುಡುಗಿ" ಎಂದರು. ನನಗೆ ಮೈಯೆಲ್ಲ ಉರಿಯಿತು. ಕಲಿಸಿದ್ದೆಲ್ಲ ಕೆಲಸಕ್ಕೆ ಬಂತಲ್ಲ ಎಂದು ಅವಳ ಮೇಲೇ ಸಿಟ್ಟು.

ಮನೆಯಲ್ಲಿ ಮತ್ತೆ ಒಲೆ ಹಚ್ಚಿದ ದಿನ, ಕೌದಿ ಹೊರಸಿನ ಮೇಲೆ ಮಡಚಿಟ್ಟಿತ್ತು. ಮೊದಲ ರೊಟ್ಟಿ ಹಂಚಿಗೆ ಹಾಕಿದೆ. ತಿರುವಲಿಲ್ಲ. ಅಂಚು ಕಪ್ಪಾಗಿ ಮನೆಯೆಲ್ಲ ಹೊಗೆ ತುಂಬಿತು. ತಮ್ಮ ಕೆಮ್ಮುತ್ತ ನನ್ನ ಮುಖ ನೋಡಿದ, ಆಮೇಲೆ ಹೊರಸಿನ ಕಡೆ ನೋಡಿದ. ಇಬ್ಬರೂ ಕಾದೆವು.